ಪಂಪ್ ಕೋವಿ ಬೇಡುವವರು ಮೊದಲು ಚರೆ ಎಣಿಸಲಿ

ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಾಡಂಚಿನಲ್ಲಾಗಲಿ, ತಿ. ನರಸೀಪುರದ ಕಬ್ಬಿನ ಬಯಲಿನಲ್ಲಾಗಲಿ, ಕಾಡುಪ್ರಾಣಿಯ ದಾಳಿ ನಡೆದ ಮರುದಿನ ಸೇರುವ ಜನರ ನಡುವೆ ಒಂದು ಮಾತು ತಪ್ಪದೆ ಏಳುತ್ತದೆ: ಇಲಾಖೆಯವರಿಂದ ಆಗದಿದ್ದರೆ ರೈತರ ಕೈಗೇ ಕೋವಿ ಕೊಡಿ. ಹಿಂದೆ ಈ ಬೇಡಿಕೆ ಕೇಪಿನ ಕೋವಿಗೋ ಒಂಟಿ ನಳಿಕೆಯ ತೋಟಾ ಕೋವಿಗೋ ನಿಲ್ಲುತ್ತಿತ್ತು. ಈಗ ಕೇಳಿಬರುವ ಹೆಸರು ಪಂಪ್ ಆಕ್ಷನ್. ನಳಿಕೆಯ ಕೆಳಗಿನ ಕೊಳವೆಯಲ್ಲಿ ನಾಲ್ಕೈದು ತೋಟಾ ತುಂಬಿ, ಮುಂಗೈ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತ ಒಂದರ ಹಿಂದೊಂದು ಈಡು ಹಾರಿಸುವ ಕೋವಿ ಅದು. ಅದಕ್ಕೆ ಬ್ಯಾಟರಿ ಕಟ್ಟಬೇಕು, ನಳಿಕೆ ಮೊಟಕಾಗಿಸಬೇಕು, ಇನ್ನೂ ಎರಡು ತೋಟಾ ಹಿಡಿಯುವಂತೆ ಕೊಳವೆ ಉದ್ದ ಮಾಡಬೇಕು ಎಂದು ಬಲ್ಲವರಂತೆ ಮಾತನಾಡುವ ತರುಣರೂ ಇದ್ದಾರೆ. ಚರೆ ಹರಡಿಕೊಂಡು ಹೋಗುವುದರಿಂದ ಗುರಿ ಹಿಡಿಯುವ ಕಷ್ಟವಿಲ್ಲ, ಹಂದಿಯಿರಲಿ ಚಿರತೆಯಿರಲಿ ಬಿದ್ದೇ ಬೀಳುತ್ತದೆ ಎಂಬುದು ಅವರ ನಂಬಿಕೆ. ಈ ನಂಬಿಕೆ ಸುಳ್ಳು. ಸುಳ್ಳೆಂದು ತೋರಿಸಲು ನೀತಿಬೋಧೆ ಬೇಕಿಲ್ಲ, ಕೂಡುವ ಗುಣಿಸುವ ಲೆಕ್ಕ ಸಾಕು.

ರೈತನ ಸಿಟ್ಟು ಮಾತ್ರ ಸುಳ್ಳಲ್ಲ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗಿನ ಮೂರು ತಿಂಗಳೊಳಗೆ ತಿ. ನರಸೀಪುರ ತಾಲ್ಲೂಕೊಂದರಲ್ಲೇ ಚಿರತೆಗೆ ನಾಲ್ವರು ಬಲಿಯಾದರು. ಅವರಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಒಬ್ಬರು ವೃದ್ಧೆ, ಒಬ್ಬ 11 ವರ್ಷದ ಬಾಲಕ. ಉಕ್ಕಲಗೆರೆ, ಕೆಬ್ಬೆಹುಂಡಿ, ಕನ್ನಾಯಕನಹಳ್ಳಿ, ಹೊರಳಹಳ್ಳಿ ಎಂಬ ಹೆಸರುಗಳು ರಾಜಧಾನಿಗೆ ತಿಳಿದದ್ದು ಹೀಗೆ. 2023ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಬಳ್ಳೂರುಹುಂಡಿಯ ಬಳಿ ದನ ಮೇಯಿಸುತ್ತಿದ್ದ ಮಹಿಳೆಯನ್ನು ಹುಲಿ ಕೊಂದಿತು. ಜೋಳದ ಹೊಲಕ್ಕೆ ಒಂದೇ ಇರುಳು ಹಂದಿಯ ಹಿಂಡು ನುಗ್ಗಿದರೆ ವರ್ಷದ ಸಾಲ ಹಾಗೆಯೇ ಉಳಿಯುತ್ತದೆ. ಕಾಡಿನ ಪಕ್ಕದಲ್ಲಿ ಏಕೆ ಬೇಸಾಯ ಮಾಡುತ್ತೀರಿ ಎಂದು ಕೇಳುವ ನಗರದ ವನ್ಯಪ್ರೇಮಿಗೆ ಈ ಚರ್ಚೆಯಲ್ಲಿ ಭಾಗವಹಿಸುವ ಯೋಗ್ಯತೆಯೇ ಇಲ್ಲ. ಆದರೆ ಸಿಟ್ಟು ನ್ಯಾಯವಾದದ್ದು ಎಂದ ಮಾತ್ರಕ್ಕೆ ಸಿಟ್ಟಿನಲ್ಲಿ ಕೇಳಿದ ಆಯುಧವೂ ಸರಿಯಾದದ್ದಾಗುವುದಿಲ್ಲ.

ಕೋವಿ ಬಲ್ಲವರು ಚರೆಯ ಹರಹನ್ನು ಅಳೆಯಲು ಹಳೆಯದೊಂದು ಪರೀಕ್ಷೆಯನ್ನು ಇಟ್ಟುಕೊಂಡಿದ್ದಾರೆ. 40 ಗಜ, ಎಂದರೆ ಸುಮಾರು 36 ಮೀಟರ್ ದೂರದಲ್ಲಿ ದೊಡ್ಡ ಬಿಳಿ ಹಾಳೆಯನ್ನು ನಿಲ್ಲಿಸಿ ಈಡು ಹಾರಿಸುವುದು. ಚರೆ ಹೆಚ್ಚು ಬಿದ್ದ ಕಡೆ 30 ಅಂಗುಲ ಅಡ್ಡಳತೆಯ ವೃತ್ತ ಎಳೆದು ಒಳಗಿನ ತೂತುಗಳನ್ನು ಎಣಿಸುವುದು. ಬಾಯಿ ಕಿರಿದಾಗದ ನೇರ ನಳಿಕೆಯಾದರೆ ನೂರಕ್ಕೆ ಸುಮಾರು 40 ಚರೆ, ಬಾಯಿಯ ಬಳಿ ಪೂರ್ತಿ ಕಿರಿದಾದ 'ಫುಲ್ ಚೋಕ್' ನಳಿಕೆಯಾದರೆ ಸುಮಾರು 70 ಚರೆ ವೃತ್ತದೊಳಗೆ ಬೀಳುತ್ತವೆ. ಹಕ್ಕಿ ಹೊಡೆಯುವ ಸಣ್ಣ ಚರೆ ಒಂದು ತೋಟಾದಲ್ಲಿ ನೂರಾರು ಇರುತ್ತದೆ. ಆದ್ದರಿಂದ ಅಲ್ಲಿ ಶೇಕಡಾವಾರು ಲೆಕ್ಕಕ್ಕೆ ಅರ್ಥವಿದೆ. ದೊಡ್ಡ ಪ್ರಾಣಿಗೆಂದು ಬಳಸುವ ಎಸ್‌ಜಿ ತೋಟಾದ ಕಥೆ ಬೇರೆ. ಅದರ ಒಂದೊಂದು ಚರೆಯೂ ಸುಮಾರು 8.4 ಮಿಲಿಮೀಟರ್ ದಪ್ಪ, ಮೂರೂವರೆ ಗ್ರಾಂ ತೂಕ. 12 ಬೋರ್ ತೋಟಾದಲ್ಲಿ ಅಂಥವು ಇರುವುದು ಒಂಬತ್ತರ ಆಸುಪಾಸು ಮಾತ್ರ.

ಈ ಒಂಬತ್ತನ್ನು ಹಂಚಿ ನೋಡಬೇಕು. ನೇರ ನಳಿಕೆಯಿಂದ ಹೊರಟ ದಪ್ಪ ಚರೆ ಪ್ರತಿ ಗಜಕ್ಕೆ ಸುಮಾರು ಒಂದು ಅಂಗುಲದಷ್ಟು ಹರಡುತ್ತದೆ ಎಂಬುದು ರೂಢಿಯ ಅಂದಾಜು. 40 ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ವೃತ್ತದ ಅಡ್ಡಳತೆ 1.1 ಮೀಟರ್, ವಿಸ್ತೀರ್ಣ ಸುಮಾರು 9,500 ಚದರ ಸೆಂಟಿಮೀಟರ್. ಎಂದರೆ ಸಾವಿರಕ್ಕೂ ಹೆಚ್ಚು ಚದರ ಸೆಂಟಿಮೀಟರಿಗೆ ಒಂದೇ ಒಂದು ಚರೆ. ಹಂದಿಯ ಗುಂಡಿಗೆ ಮತ್ತು ಶ್ವಾಸಕೋಶ ಇರುವ, ಏಟು ಬಿದ್ದರೆ ಅಲ್ಲೇ ಉರುಳುವ ಭಾಗವನ್ನು 20 ಸೆಂಟಿಮೀಟರ್ ಅಗಲದ ಚಕ್ರವೆಂದು ಹಿಡಿದರೆ ಅದು 314 ಚದರ ಸೆಂಟಿಮೀಟರ್. ಅಲ್ಲಿಗೆ ತಲುಪುವ ಚರೆ ಸರಾಸರಿ ಮೂರನೇ ಒಂದು! ಪಕ್ಕ ತೋರಿಸಿ ನಿಂತ ಹಂದಿಯ ಇಡೀ ಮೈಗೆ ಮೂರು ನಾಲ್ಕು ಚರೆ ತಗಲುವುದು ನಿಜ. ಅವು ಹೊಟ್ಟೆಗೆ, ತೊಡೆಗೆ, ದವಡೆಗೆ ತಗಲುತ್ತವೆ. ನಡುವಿನಲ್ಲಿ ಚರೆ ತುಸು ಒತ್ತಾಗಿಯೇ ಬೀಳುವುದರಿಂದ ಈ ಲೆಕ್ಕ ಅಲ್ಪಸ್ವಲ್ಪ ಬದಲಾದೀತು, ತಲೆಕೆಳಗಾಗದು. 20 ಮೀಟರಿಗೆ ಇಳಿದರೂ ಆ ಮರ್ಮಸ್ಥಾನಕ್ಕೆ ಬೀಳುವುದು ಸರಾಸರಿ ಒಂದು ಚರೆ. ಇನ್ನು ಮೂರು ಮೀಟರಿನಲ್ಲಿ, ಕಬ್ಬಿನ ಸಾಲಿನೊಳಗಿಂದ ಚಿರತೆ ಎರಗುವ ದೂರದಲ್ಲಿ, ಹರಹು ಅಂಗೈಯಗಲ. ಅಲ್ಲಿ ಗುರಿ ತಪ್ಪಿದರೆ ಎಲ್ಲ ಒಂಬತ್ತೂ ಒಟ್ಟಿಗೆ ತಪ್ಪುತ್ತವೆ. ಹತ್ತಿರದಲ್ಲಿ ಹರಡದ, ದೂರದಲ್ಲಿ ಬಲೆಯ ಕಣ್ಣಿನಂತೆ ತೂತುಬೀಳುವ ಈ ಚರೆಯನ್ನು 'ಗುರಿ ಬೇಡದ ಆಯುಧ' ಎಂದು ನಂಬಿ ಇರುಳಿನಲ್ಲಿ ಹೊಲಕ್ಕಿಳಿಯುವವನು ತನಗೆ ತಾನೇ ಮೋಸಮಾಡಿಕೊಳ್ಳುತ್ತಾನೆ.

ಕೋವಿಯನ್ನು ತಿದ್ದಿದರೆ ಸರಿಹೋಗುವುದೆ? ನಳಿಕೆ ಕತ್ತರಿಸಿದರೆ ಹರಹು ಹೆಚ್ಚುತ್ತದೆಂಬುದು ಸಿನಿಮಾ ನೋಡಿ ಕಲಿತ ವಿದ್ಯೆ. ಹರಹನ್ನು ನಿರ್ಧರಿಸುವುದು ನಳಿಕೆಯ ಉದ್ದಕ್ಕಿಂತ ಮುಖ್ಯವಾಗಿ ಅದರ ಬಾಯಿಯ ಕಿರಿದು ಮತ್ತು ತೋಟಾದ ಒಳಗಟ್ಟು. ಕತ್ತರಿಸಿದಾಗ ಬಾಯಿಯ ಕಿರಿದು ಹೋಗುತ್ತದೆ, ವೇಗ ಸ್ವಲ್ಪ ಇಳಿಯುತ್ತದೆ, ಕಿವಿಗಡಚಿಕ್ಕುವ ಸದ್ದು ಏರುತ್ತದೆ. ತದ್ವಿರುದ್ಧವಾಗಿ ಚೋಕ್ ಬಿಗಿ ಮಾಡಿದರೆ ದಪ್ಪ ಚರೆಗಳು ಬಾಯಿಯಲ್ಲಿ ಒಂದಕ್ಕೊಂದು ಒತ್ತಿ ವಿಕಾರವಾಗಿ, ಹರಹು ಕೆಲವೊಮ್ಮೆ ಇನ್ನೂ ಕೆಡುತ್ತದೆ. ಹೆಚ್ಚು ತೋಟಾ ತುಂಬುವುದರಿಂದ ಆಗುವುದಾದರೂ ಏನು? ಮೊದಲ ಈಡಿಗೇ ಹಿಂಡು ಚದುರಿರುತ್ತದೆ. ಮಿಕ್ಕ ನಾಲ್ಕು ಈಡು ಕತ್ತಲೆಗೆ. ಐದು ತೋಟಾದ 45 ಚರೆಗಳಲ್ಲಿ ಪ್ರಾಣಿಗೆ ತಗಲದವು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಯಾರೂ ಕೇಳುವುದಿಲ್ಲ. ಮೇಲ್ಮುಖವಾಗಿ ಹಾರಿದ ಎಸ್‌ಜಿ ಚರೆ 600 ಮೀಟರಿಗೂ ದೂರ ಹೋಗಬಲ್ಲದು. ಕಪಿಲೆ ಕಾವೇರಿಗಳ ನಡುವಿನ ಬಯಲಿನಲ್ಲಿ 600 ಮೀಟರ್ ಎಂದರೆ ಮತ್ತೊಬ್ಬನ ಗದ್ದೆ, ನೀರು ಕಟ್ಟಲು ಹೋದವನ ಬೆನ್ನು, ಊರಾಚೆಯ ಮನೆ. ಹಂದಿಯೆಂದು ಮನುಷ್ಯನಿಗೆ ಹೊಡೆದ ಪ್ರಕರಣಗಳು ಕೋವಿಯೊಡನೆ ತಲೆಮಾರುಗಳಿಂದ ಬಾಳಿದ ಕೊಡಗು ಮಲೆನಾಡುಗಳಲ್ಲೇ ಮತ್ತೆ ಮತ್ತೆ ನಡೆದಿವೆ. ಇದು ಮಲೆಯ ಓದುಗರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

ತಿದ್ದಿದ ಪಂಪ್ ಕೋವಿಯ ಪ್ರಯೋಗವನ್ನು ಈ ದೇಶ ಒಮ್ಮೆ ಕಂಡೂ ಇದೆ, ಪ್ರಾಣಿಗಳ ಮೇಲಲ್ಲ. 2016ರಲ್ಲಿ ಕಾಶ್ಮೀರದ ಗಲಭೆಗಳ ವೇಳೆ 12 ಬೋರಿನ ಪಂಪ್ ಕೋವಿಯಿಂದ ಸಣ್ಣ ಚರೆ ಹಾರಿಸಲಾಯಿತು. 32 ದಿನಗಳಲ್ಲಿ ಸುಮಾರು 13 ಲಕ್ಷ ಚರೆ ಬಳಸಿದ್ದಾಗಿ ಸಿ.ಆರ್.ಪಿ.ಎಫ್. ತಾನೇ ಅಲ್ಲಿನ ಹೈಕೋರ್ಟಿಗೆ ತಿಳಿಸಿತು. ನೂರಾರು ಜನರ ಕಣ್ಣಿಗೆ ಗಾಯವಾದ ಮೇಲೆ, 2017ರಲ್ಲಿ, ಚರೆ ಸೊಂಟದ ಮೇಲಕ್ಕೆ ಹೋಗದಿರಲೆಂದು ನಳಿಕೆಯ ಬಾಯಿಗೆ ತಡೆ ಜೋಡಿಸಬೇಕಾಯಿತು. ತರಬೇತಾದ ಪಡೆ ಹಗಲು ಬೆಳಕಿನಲ್ಲಿ ಹಿಡಿತಕ್ಕೆ ತರಲಾಗದ ಚರೆಯನ್ನು ದಿನವಿಡೀ ದುಡಿದು ಬಂದ ರೈತ ನಡುರಾತ್ರಿ ಹಿಡಿತಕ್ಕೆ ತರಬೇಕೆಂದು ಬಯಸುವುದು ಎಂಥ ನ್ಯಾಯ?

ಗಾಯಗೊಂಡು ಉಳಿದ ಪ್ರಾಣಿಯ ಕಥೆಯನ್ನು ಹೇಳಲೇಬೇಕು. ಕುಮಾವೂನಿನ ಚಂಪಾವತದಲ್ಲಿ 436 ಜನರನ್ನು ಕೊಂದಳೆಂದು ಲೆಕ್ಕವಿಟ್ಟ ಹೆಣ್ಣು ಹುಲಿಯನ್ನು 1907ರಲ್ಲಿ ಹೊಡೆದ ಜಿಮ್ ಕಾರ್ಬೆಟ್ ಅದರ ಬಾಯಿ ತೆರೆದು ನೋಡಿದಾಗ, ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿಗೆ ಮುರಿದಿದ್ದವು. ಸಹಜ ಬೇಟೆಯಾಡಲಾರದ ಆ ಹುಲಿ ಮನುಷ್ಯನ ಕಡೆಗೆ ತಿರುಗಿದ್ದಕ್ಕೆ ಅವನು ಕೊಟ್ಟ ಕಾರಣ ಅದೇ. 40 ಮೀಟರಿನಿಂದ ತೊಡೆಗೆ ಎರಡು ಚರೆ ತಿಂದು ಕಬ್ಬಿನೊಳಗೆ ನುಸುಳಿದ ಚಿರತೆ ಮರುದಿನ ಕಟಾವಿಗೆ ಬರುವ ಕೂಲಿ ಹೆಂಗಸಿನ ಎದುರಿಗೇ ಏಳುತ್ತದೆ, ಕೋವಿ ಹಾರಿಸಿದವನ ಎದುರಿಗಲ್ಲ. ಆನೆಯ ವಿಷಯದಲ್ಲಂತೂ ಚರೆಯಿಂದ ಸಾವಿಲ್ಲ, ಕೀವು ಮತ್ತು ಕೋಪ ಮಾತ್ರ ಉಂಟು. 2022ರ ಡಿಸೆಂಬರಿನಲ್ಲಿ ತಿ. ನರಸೀಪುರದ ಚಿರತೆಗೆ ಗುಂಡಿಕ್ಕಲು ಸರ್ಕಾರವೇ ಆದೇಶ ಹೊರಡಿಸಿತ್ತು. ಆದರೂ ಚಿರತೆಗಳು ಸಿಕ್ಕಿದ್ದು ಬೋನಿನಲ್ಲಿ. ಬಳ್ಳೂರುಹುಂಡಿಯ ಹುಲಿಯನ್ನು ಹಿಡಿದದ್ದು ಅರಿವಳಿಕೆಯಿಂದ, ನಾಲ್ಕೈದು ದಿನಗಳಲ್ಲಿ.

ಕಾನೂನು ಏನು ಹೇಳುತ್ತದೆಂಬುದೂ ತಿಳಿದಿರಲಿ. 1959ರ ಶಸ್ತ್ರಾಸ್ತ್ರ ಕಾಯಿದೆ ಬೆಳೆ ರಕ್ಷಣೆಗೆ ಮೊದಲು ಹೆಸರಿಸುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಕೋವಿ. ನಳಿಕೆ ಮೊಟಕಾಗಿಸುವುದು 6ನೆಯ ಕಲಮಿನಡಿ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ ಶಿಕ್ಷೆ 7 ವರ್ಷ. ತರುಣರು ಊರಿನ ಕಮ್ಮಾರಸಾಲೆಗೆ ಹೋಗುವ ಮುನ್ನ ಇದನ್ನು ಓದಿಕೊಳ್ಳುವುದು ಒಳ್ಳೆಯದು. ಜೀವ ಉಳಿಸಿಕೊಳ್ಳಲು ಪ್ರಾಣಿಯನ್ನು ಕೊಂದವನಿಗೆ ವನ್ಯಜೀವಿ ಕಾಯಿದೆಯ 11ನೆಯ ಕಲಮು ಈಗಾಗಲೇ ರಕ್ಷಣೆ ಕೊಟ್ಟಿದೆ. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಲಿಖಿತ ಅನುಮತಿ ನೀಡುವ ಅವಕಾಶವೂ ಅಲ್ಲೇ ಇದೆ. ಇನ್ನು ಪರವಾನಗಿ ಪಡೆದ ಕೋವಿಯಾದರೂ ಸದಾ ಕೈಯಲ್ಲಿರುವುದೆ? ಚುನಾವಣೆ ಘೋಷಣೆಯಾದೊಡನೆ ಠಾಣೆಗೆ ಒಪ್ಪಿಸಿ ಬರಬೇಕು. ಹಂದಿಗೆ ನೀತಿಸಂಹಿತೆ ಅನ್ವಯಿಸದು.

ಹಂದಿಯ ಸಂಗತಿ ಬೇಸಾಯದ ಸಂಗತಿ. ಒಂದು ಸೂಲಿಗೆ ನಾಲ್ಕರಿಂದ ಆರು ಮರಿ ಹಾಕುವ ಪ್ರಾಣಿಯನ್ನು ಊರಿಗೆ ನಾಲ್ಕು ಕೋವಿಯಿಂದ ಕಡಿಮೆ ಮಾಡಲಾಗದು. ಹಿಂಡು ಪಕ್ಕದ ಹೊಲಕ್ಕೆ ಸರಿಯುತ್ತದೆ, ಅಷ್ಟೆ. ಮೆಕ್ಕೆಜೋಳದ ಸುತ್ತ ಹರಳಿನ ಒತ್ತು ಸಾಲುಗಳು, ನೆಲಗಡಲೆಯ ಸುತ್ತ ಮುಳ್ಳಿನ ಕುಸುಬೆ ಬೆಳೆಸುವ ಕ್ರಮವನ್ನು ಕೃಷಿ ವಿಶ್ವವಿದ್ಯಾಲಯಗಳು ಪರೀಕ್ಷಿಸಿ ಶಿಫಾರಸು ಮಾಡಿವೆ. ಇದು ಪೂರ್ಣ ಪರಿಹಾರವಲ್ಲ. ಒಬ್ಬನೇ ಮಾಡಿದರೆ ಹಂದಿ ನೆರೆಯವನ ಹೊಲಕ್ಕೆ ಹೋಗುತ್ತದೆ. ಬಯಲೊಂದರ ರೈತರು ಒಟ್ಟಾಗಿ ಮಾಡಿದರಷ್ಟೇ ಫಲ. ಹಳೆಯ ರೈಲು ಕಂಬಿಯ ತಡೆ ಆನೆಗೆ ಸರಿ, ಹಂದಿ ಅದರ ಕೆಳಗೇ ನುಸುಳುತ್ತದೆ. ನೇರ ವಿದ್ಯುತ್ ಹರಿಸಿದ ತಂತಿಯಂತೂ ಆನೆಗಿಂತ ಮೊದಲು ಮನೆಯವರನ್ನೇ ಕೊಂದೀತು. ಬೆಳೆ ವಿಮೆಯಲ್ಲಿ ಕಾಡುಪ್ರಾಣಿಯ ಹಾನಿಯನ್ನು 2026ರ ಮುಂಗಾರಿನಿಂದ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಹಾನಿಯಾದ 72 ಗಂಟೆಯೊಳಗೆ ಚಿತ್ರ ಸಹಿತ ದೂರು ದಾಖಲಿಸಬೇಕೆಂಬ ಷರತ್ತು ಅದಕ್ಕಿದೆ. ಕೋವಿಯ ಪರವಾನಗಿಗೆ ತಹಸೀಲ್ದಾರರ ಕಚೇರಿ ಅಲೆಯುವ ಶ್ರಮದ ಕಾಲುಭಾಗವನ್ನು ಈ ದೂರು ದಾಖಲಿಸುವುದನ್ನು ಕಲಿಯಲು, ಕಲಿಸಲು ವಿದ್ಯಾರ್ಥಿಗಳು ಕೊಡಬಾರದೆ?

ಚಿರತೆಯ ಸಂಗತಿಯೋ ಕಬ್ಬಿನದು. ಹನ್ನೆರಡು ತಿಂಗಳು ನಿಂತ ಕಬ್ಬು ಚಿರತೆಗೆ ಕಾಡಿಗಿಂತ ನೆಮ್ಮದಿಯ ಮನೆ. ನೆರಳು, ನೀರು, ನಾಯಿ, ಮರಿ ಹಾಕಲು ಮರೆ, ಎಲ್ಲವೂ ಅಲ್ಲುಂಟು. ಕಟಾವಿನ ಅನುಮತಿ ತಡವಾದಷ್ಟು ದಿನವೂ ಊರಿನ ಹಿತ್ತಿಲಿಗೆ ಅಂಟಿಕೊಂಡು ಆ ಮರೆ ಉಳಿಯುತ್ತದೆ. 2023ರ ಜನವರಿಯಲ್ಲಿ ನಾಲ್ಕು ಹೆಣ ಬಿದ್ದ ಮೇಲೆ ಕಬ್ಬು ಬೇಗ ಕಡಿಸಿ ಎಂಬ ಸೂಚನೆ ಬಂದಿತು, ಸಾವಿನ ಪರಿಹಾರ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿತು, ಕಾರ್ಯಪಡೆ ರಚನೆಯಾಯಿತು. ಊರಿಗೆ ಹೊಂದಿದ ತಾಕುಗಳನ್ನು ಮೊದಲು ಕಡಿಯುವ ಪಟ್ಟಿಯನ್ನು ಹೆಣ ಬೀಳುವ ಮುನ್ನವೇ ಮಾಡಲು ಯಾವ ಕೋವಿಯೂ ಬೇಕಿರಲಿಲ್ಲ. ಮನೆಗೂ ಕಬ್ಬಿಗೂ ನಡುವೆ ಒಂದಷ್ಟು ಅಗಲ ರಾಗಿಯನ್ನೋ ಹುರುಳಿಯನ್ನೋ ಬಿತ್ತಿಸಿ, ಆ ನಷ್ಟವನ್ನು ಸರ್ಕಾರ ಭರಿಸಬೇಕೆಂದು ಪಟ್ಟು ಹಿಡಿಯಲೂ ಬೇಕಿಲ್ಲ. ಕೋವಿ ಕೊಟ್ಟು ಕೈತೊಳೆದುಕೊಳ್ಳುವುದು ಆಳುವವರಿಗೆ ಅಗ್ಗ: ಅನಂತರ ಹಂದಿ ಬಂದರೂ, ಚಿರತೆ ಬಂದರೂ, ಚರೆ ಯಾರದೋ ಬೆನ್ನಿಗೆ ಬಿದ್ದರೂ ಹೊಣೆ ರೈತನದೇ. ಮುಂದಿನ ಹಂಗಾಮಿನ ಕಟಾವು ಪಟ್ಟಿಯನ್ನು ಕಾರ್ಖಾನೆಯ ಮೇಜಿನಿಂದ ಗ್ರಾಮಸಭೆಗೆ ತರಿಸಿ, ಊರಂಚಿನ ಸರ್ವೆ ನಂಬರುಗಳನ್ನು ಎಲ್ಲರ ಎದುರು ಓದಿಸುವ ಬೇಡಿಕೆಯನ್ನು ತಿ. ನರಸೀಪುರ ಮತ್ತು ನಂಜನಗೂಡಿನ ಪ್ರತಿ ಪಂಚಾಯಿತಿಯಲ್ಲೂ ಈ ವರ್ಷವೇ ಲಿಖಿತವಾಗಿ ಸಲ್ಲಿಸಬೇಕು.