ನೀರುಗಂಟಿಗೆ ಶಾಲು ಸಾಲದು, ತರಗತಿ ಬೇಕು



ಕೆಲವು ವರ್ಷಗಳ ಹಿಂದೆ ತುಮಕೂರು ನಗರದಲ್ಲಿ ನಡೆದ ಒಂದು ವಿಚಾರ ಸಂಕಿರಣಕ್ಕೆ ನನಗೂ ಆಮಂತ್ರಣವಿತ್ತು. ಗ್ರಾಮೀಣ ಭೂಮಿ ಮತ್ತು ಜಲ ನಿರ್ವಹಣೆ ಅಂದಿನ ವಿಷಯ. ವೇದಿಕೆಯ ಮೇಲೆ ಪ್ರಾಧ್ಯಾಪಕರೂ ಅಧಿಕಾರಿಗಳೂ ಕುಳಿತಿದ್ದರು. ತೆರೆಯ ಮೇಲೆ ಉಪಗ್ರಹದ ಚಿತ್ರಗಳು ಒಂದಾದ ಮೇಲೊಂದು ಮೂಡುತ್ತಿದ್ದವು. ಕೊನೆಗೆ ಗುಬ್ಬಿ ಸೀಮೆಯ ವೃದ್ಧ ನೀರುಗಂಟಿಯೊಬ್ಬರನ್ನು ಕರೆದು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಅವರು ಧ್ವನಿವರ್ಧಕದ ಕಡೆಗೆ ಒಂದು ಹೆಜ್ಜೆ ಇಟ್ಟರು. ಅಷ್ಟರಲ್ಲಿ ನಿರೂಪಕರು ವಂದನಾರ್ಪಣೆಗೆ ಮತ್ತೊಬ್ಬರ ಹೆಸರನ್ನು ಕೂಗಿದರು. ಊಟದ ಸಾಲಿನಲ್ಲಿ ಅವರು ನನ್ನ ಪಕ್ಕದಲ್ಲೇ ಕುಳಿತಿದ್ದರು. "ಆ ಪಟದಾಗೆ ನಮ್ಮ ಕೆರೆ ಹಿಂದ್ಲು ಹಸ್ರಾಗಿ ಕಾಣ್ತಿತ್ತಲ್ಲ ಸ್ವಾಮಿ, ಅದು ಬೆಳೆ ಅಲ್ಲ, ಜಾಲಿ" ಎಂದರು.

ಬೆಳಗಿನಿಂದ ಸಂಜೆಯವರೆಗೆ ಆ ಸಭೆಯಲ್ಲಿ ಆಡಿದ ಮಾತುಗಳಲ್ಲಿ ಪರಿಶೀಲನೆಗೆ ಅತ್ಯಂತ ಯೋಗ್ಯವಾದ ಮಾತು ಅದೊಂದೇ. ಆದರೆ ಅದು ನಡಾವಳಿಯಲ್ಲಿ ದಾಖಲಾಗಲಿಲ್ಲ. ಈ ಲೇಖನವನ್ನು ಬರೆಯಲು ಅದೇ ಕಾರಣ. ಸಮುದಾಯದ ಯೋಜನೆ ಮತ್ತು ನೆಲಮೂಲದ ಭೂನಿರ್ವಹಣೆಯನ್ನು ನಮ್ಮ ವಿಶ್ವವಿದ್ಯಾನಿಲಯಗಳು ಪೂರ್ಣ ಪ್ರಮಾಣದ ವಿಷಯವಾಗಿ ಬೋಧಿಸಬೇಕು. ಅದನ್ನು ಬೋಧಿಸುವ ಪೀಠದಲ್ಲಿ ಆ ಜ್ಞಾನದ ವಾರಸುದಾರರೇ ಕುಳಿತುಕೊಳ್ಳಬೇಕು. ಅವರಿಂದ ಮಾಹಿತಿ ಪಡೆದು, ಪ್ರಬಂಧ ಬರೆದು, ಪದವಿ ಪಡೆದು, ಅವರಿಗೆ ಶಾಲನ್ನು ಮಾತ್ರ ಉಳಿಸುವುದು ನನ್ನ ದೃಷ್ಟಿಯಲ್ಲಿ ಒಂದು ಬಗೆಯ ಕಳವು.

ಈ ಜ್ಞಾನವಾದರೂ ಎಂಥದು? ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ. ಈ ನದಿಯ ಆಸುಪಾಸಿನಲ್ಲಿ ನಮ್ಮ ಪೂರ್ವಿಕರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆ ತುಂಬಬೇಕು. ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು ಎಂಬ ಒಂದೊಂದು ಪದದ ಹಿಂದೆಯೂ ಒಂದೊಂದು ಹೊಣೆಗಾರಿಕೆ ಇತ್ತು. ಮಳೆಗಾಲದ ರಾತ್ರಿ ಏರಿಯ ಮೇಲೆ ಕಾವಲು ನಿಲ್ಲುವುದು, ತೂಬೆತ್ತುವುದು, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವುದು ನೀರುಗಂಟಿಯ ಕೆಲಸ. ಕೆರೆ ಅರ್ಧ ಮಾತ್ರ ತುಂಬಿದ ವರ್ಷ ಊರವರು ಸೇರಿ, ನೀರು ಸಾಲುವಷ್ಟು ಜಮೀನನ್ನು ಗೊತ್ತುಮಾಡಿ, ಪ್ರತಿಯೊಬ್ಬನಿಗೂ ಅವನ ಹಿಡುವಳಿಗೆ ತಕ್ಕ ಪಾಲು ಹಂಚುತ್ತಿದ್ದರು. ಕೆಲವೆಡೆ ಇದಕ್ಕೆ ದಾಮಾಷಾ ಪದ್ಧತಿ ಎಂಬ ಹೆಸರಿತ್ತು. ಕೊರತೆಯನ್ನೂ ಹಂಚಿಕೊಳ್ಳಬೇಕೆಂಬ ನ್ಯಾಯಶಾಸ್ತ್ರವಿದು. ಯೋಜನಾಶಾಸ್ತ್ರದ ಪಠ್ಯದಲ್ಲಿ ಇದಕ್ಕೆ ಸ್ಥಳವಿಲ್ಲವಾದರೆ ಮತ್ತಾವುದಕ್ಕೆ ಸ್ಥಳ?

ಈ ವ್ಯವಸ್ಥೆ ತಾನಾಗಿ ಸಾಯಲಿಲ್ಲ. 1911ರಲ್ಲಿ ಮೈಸೂರು ಸಂಸ್ಥಾನವು ಕೆರೆ ಪಂಚಾಯಿತಿಗಳಿಗಾಗಿ ಒಂದು ಶಾಸನವನ್ನು ತಂದಿತು. ಸ್ವಾತಂತ್ರ್ಯಾನಂತರ, 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಹುಟ್ಟಿನಿಂದ ಬರುವ ದಾಸ್ಯ ಕೊನೆಗೊಳ್ಳಲೇಬೇಕಿತ್ತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಹುದ್ದೆ ಹೋದ ಮೇಲೂ ಕೆಲಸ ಉಳಿಯಿತು. ಆ ಕೆಲಸವನ್ನು ಗೌರವದ ಸಂಬಳದ ವೃತ್ತಿಯಾಗಿ ಮಾಡುವ ಮನಸ್ಸು ಯಾರಿಗೂ ಬರಲಿಲ್ಲ. ಆಮೇಲೆ ಕೊಳವೆಬಾವಿಗಳು ಬಂದವು. ತೋಟದವನಿಗೆ ಕೆರೆಯ ಹಂಗು ತಪ್ಪಿತು. 2000ದಲ್ಲಿ ಜಲ ಸಂವರ್ಧನೆ ಯೋಜನಾ ಸಂಘವೂ, ಮುಂದೆ ವಿಶ್ವಬ್ಯಾಂಕಿನ ನೆರವಿನಲ್ಲಿ ಕೆರೆ ಅಭಿವೃದ್ಧಿ ಯೋಜನೆಯೂ ಬಂದವು. ಏರಿಗೆ ಮಣ್ಣು ಬೀಳಬಹುದು, ಹೂಳು ತೆಗೆಯಬಹುದು. ಆದರೆ ಕೆರೆಯನ್ನು ಓದಬಲ್ಲ ಮನುಷ್ಯನನ್ನು ಯಾವ ಗುತ್ತಿಗೆದಾರನೂ ತಯಾರಿಸಿಕೊಡಲಾರ. ಅದು ವಿದ್ಯಾಸಂಸ್ಥೆಯ ಕೆಲಸ.

ಈ ಅಜ್ಞಾನಕ್ಕೆ ನಾವು ತೆರುತ್ತಿರುವ ಬೆಲೆಯನ್ನು ನೋಡಿ. ಇಂದು ತುಮಕೂರು ನಗರ ಕುಡಿಯುವ ನೀರಿಗಾಗಿ ಬುಗುಡನಹಳ್ಳಿ ಕೆರೆಗೆ ಬರುವ ಹೇಮಾವತಿಯನ್ನು ಎದುರುನೋಡುತ್ತದೆ. ಕುಣಿಗಲ್ಲಿಗೆ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯನ್ನು ವಿರೋಧಿಸಿ 2024 ಮತ್ತು 2025ರಲ್ಲಿ ಗುಬ್ಬಿ ಭಾಗದ ರೈತರು ಬೀದಿಗಿಳಿದರು. ತಮ್ಮ ಪಾಲಿನ ನೀರು ನಾಲೆಯ ಕೊನೆಯವರೆಗೆ ಬರುವುದೇ ಇಲ್ಲವೆಂಬುದು ಕುಣಿಗಲ್ ಕಡೆಯವರ ಅಳಲು. ಯಾರ ವಾದ ಸರಿಯೆಂದು ತೀರ್ಪು ಕೊಡಲು ನಾನು ಇಲ್ಲಿ ಕುಳಿತಿಲ್ಲ. ಒಂದೇ ಶಿಂಷೆಯ ನೀರು ಕುಡಿದ ಎರಡು ತಾಲ್ಲೂಕುಗಳು, ಕೊರತೆಯನ್ನು ಹಂಚಿಕೊಳ್ಳುವ ನಿಯಮವನ್ನು ತಾವೇ ಬಲ್ಲ ಜನ, ಇಂದು ಪೊಲೀಸರ ಸಮ್ಮುಖದಲ್ಲಿ ಎದುರುಬದುರು ನಿಲ್ಲುವಂತಾಯಿತಲ್ಲ! ಕುಣಿಗಲ್ ಕೆರೆಯ ಚೆಲುವನ್ನು ಕೊಂಡಾಡುವ ಜನಪದ ಗೀತೆಯನ್ನು ನಾಡೆಲ್ಲ ಹಾಡುತ್ತದೆ. ಆ ಕೆರೆಗೆ ನೀರು ಯಾವ ದಾರಿಯಿಂದ ಬರುತ್ತಿತ್ತೆಂದು ಕೇಳಿದರೆ ನಮ್ಮ ಪದವೀಧರರಲ್ಲಿ ಎಷ್ಟು ಮಂದಿ ಉತ್ತರಿಸಿಯಾರು?

ನೀರಿಗೆ ಸಲ್ಲುವ ಮಾತು ನೆಲಕ್ಕೂ ಸಲ್ಲುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಹೆಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ವಿಸ್ತೀರ್ಣ 615 ಎಕರೆ. ಕಾರ್ಖಾನೆಯನ್ನು ನಾನು ವಿರೋಧಿಸುತ್ತಿಲ್ಲ. ನಮ್ಮ ಮಕ್ಕಳಿಗೆ ಕೆಲಸ ಬೇಕು. ಆದರೆ ಕಾವಲ್ ಎಂಬ ಪದದ ಅರ್ಥವೇ ದನಕರು ಮೇಯಲೆಂದು ಕಾದಿರಿಸಿದ ಹುಲ್ಲುಗಾವಲು. ಯೋಜನೆ ಕಲಿಯುವ ವಿದ್ಯಾರ್ಥಿಗೆ ಖಾಲಿ ಜಾಗವಾಗಿ ಕಾಣುವ ಭೂಮಿಯನ್ನು ಕುರಿ ಕಾಯುವವನು ಹುಲ್ಲಿನ ಹೆಸರುಗಳಿಂದ ಗುರುತಿಸುತ್ತಾನೆ. ಗೋಮಾಳ, ಗುಂಡುತೋಪು, ಖರಾಬು, ಕಟ್ಟೆ ಎಂಬ ಪದಗಳನ್ನು ಪಹಣಿಯಲ್ಲಿ ಓದಬಲ್ಲವನು ಅವುಗಳ ಮೇಲೆ ಯಾರ ಬದುಕು ನಿಂತಿದೆಯೆಂಬುದನ್ನೂ ಓದಬೇಡವೇ?

ಇಲ್ಲಿ ಮೂರು ಆಕ್ಷೇಪಣೆಗಳು ಬರುತ್ತವೆ.

ಮೊದಲನೆಯದು: ಹಳೆಯ ವ್ಯವಸ್ಥೆ ಜಾತಿಯ ವ್ಯವಸ್ಥೆಯಾಗಿತ್ತಲ್ಲವೇ? ನಿಜ. ಅನೇಕ ಊರುಗಳಲ್ಲಿ ತೂಬೆತ್ತಿದ ಕೈಗೆ ಊರ ಬಾವಿಯ ಹಗ್ಗ ಮುಟ್ಟುವ ಹಕ್ಕಿರಲಿಲ್ಲ. ಆದಕಾರಣವೇ ಹಳೆಯದನ್ನು ಹಾಡಿ ಹೊಗಳುವುದು ಬೇಡ ಎನ್ನುತ್ತೇನೆ. ಆ ಜ್ಞಾನವನ್ನು ಪಠ್ಯಕ್ಕೆ ಎತ್ತಿಕೊಂಡು ಅದನ್ನು ಹೊತ್ತುಬಂದ ದಲಿತನನ್ನು ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂರಿಸಿದರೆ, ಹಳೆಯ ಅನ್ಯಾಯವೇ ಪದವಿಯ ಗೌನು ತೊಟ್ಟು ಬಂದಂತಾಗುತ್ತದೆ.

ಎರಡನೆಯದು: ಪದವಿಯಿಲ್ಲದವರು ಪಾಠ ಹೇಳಲು ನಿಯಮವಿದೆಯೇ? ಇದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಪ್ರಕಟಿಸಿದ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಮಾರ್ಗಸೂಚಿಯ ಪ್ರಕಾರ ಅನುಭವಿ ತಜ್ಞರಿಗೆ ಔಪಚಾರಿಕ ಪದವಿ ಕಡ್ಡಾಯವಲ್ಲ. ಆ ಬಾಗಿಲು ಕಂಪನಿಗಳ ಹಿರಿಯ ಅಧಿಕಾರಿಗಳಿಗೆ ಮಾತ್ರ ತೆರೆದು, ಕೆರೆಯ ಏರಿಯ ಮೇಲೆ ನಲವತ್ತು ಮಳೆಗಾಲ ಕಂಡವರಿಗೆ ಮುಚ್ಚಿರಬೇಕೇ?

ಮೂರನೆಯದು: ಇದರಿಂದ ಉದ್ಯೋಗ ಸಿಗುತ್ತದೆಯೇ? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಯೋಜನೆಯನ್ನು ಪಂಚಾಯಿತಿಯ ಹೊಣೆಯಾಗಿಸಿ, ಜಿಲ್ಲೆಗೊಂದು ಯೋಜನಾ ಸಮಿತಿ ಇರಬೇಕೆಂದವು. ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷ ವರ್ಷ ಯೋಜನೆ ತಯಾರಿಸಬೇಕು. ಅದನ್ನು ಊರವರೊಡನೆ ಕುಳಿತು ಬರೆಯಬಲ್ಲವರು ಬೇಕಾಗಿದ್ದಾರೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯ ಹಕ್ಕುಗಳನ್ನು ಪಡೆದದ್ದನ್ನು ನೆನೆಯಿರಿ. ಅಂಥ ಸಮುದಾಯಗಳಿಗೆ ಜೊತೆಗಾರರಾಗಬಲ್ಲ ಪದವೀಧರರು ನಮ್ಮಲ್ಲಿ ಎಷ್ಟಿದ್ದಾರೆ?

ಹೊರದೇಶದ ಒಂದು ನಿದರ್ಶನವನ್ನು ಹೇಳಬೇಕು. ಅದರಲ್ಲಿ ನಮಗೂ ಒಂದು ಪಾಠವಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ವ್ಯಾಂಕೂವರ್ ಆವರಣವಿರುವುದು ಮಸ್ಕ್ವಿಯಮ್ ಮೂಲನಿವಾಸಿಗಳ ನೆಲದಲ್ಲಿ. 2012ರಲ್ಲಿ ಅದೇ ಜನರ ಸಹಭಾಗಿತ್ವದಲ್ಲಿ ಅಲ್ಲಿ ಮೂಲನಿವಾಸಿ ಸಮುದಾಯ ಯೋಜನೆಯ ಸ್ನಾತಕೋತ್ತರ ಶಿಕ್ಷಣ ಆರಂಭವಾಯಿತು. ಅದೇ ದೇಶದಲ್ಲಿ ಮೂಲನಿವಾಸಿ ಮಕ್ಕಳನ್ನು ತಾಯಿತಂದೆಯರಿಂದ ಅಗಲಿಸಿ, ಅವರ ಭಾಷೆಯನ್ನು ಅಳಿಸಿದ ವಸತಿಶಾಲೆಗಳಲ್ಲಿ ಅನೇಕವನ್ನು ನಡೆಸಿದ್ದು ಕಥೋಲಿಕ ಸಂಸ್ಥೆಗಳು. 2022ರ ಜುಲೈಯಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿಗೆ ತೆರಳಿ ಕ್ಷಮೆ ಕೇಳಿದರು. 'ನಾವು ಕಲಿಸುವವರು, ನೀವು ಕಲಿಯುವವರು' ಎಂಬ ಅಹಂಕಾರ ಎಲ್ಲಿಗೆ ಒಯ್ಯುತ್ತದೆಂಬುದನ್ನು ಧರ್ಮಸಭೆ ತನ್ನ ಪಾಪದಿಂದಲೇ ಅರಿತಿದೆ. ಹಾಗಾಗಿ ವಿಶ್ವವಿದ್ಯಾನಿಲಯಕ್ಕೆ ಬುದ್ಧಿ ಹೇಳುವ ಮುನ್ನ ನಾನು ತಲೆತಗ್ಗಿಸಲೇಬೇಕು.

ನನ್ನ ಬೇಡಿಕೆ ಮೂರೇ. ಈ ವಿಷಯದ ವಿದ್ಯಾರ್ಥಿ ಒಂದು ಪೂರ್ಣ ಮಳೆಗಾಲವನ್ನು ಒಂದು ಕೆರೆಯ ಊರಿನಲ್ಲಿ ಕಳೆಯಲಿ. ಅಲ್ಲಿ ಪಾಠ ಹೇಳುವ ನೀರುಗಂಟಿ, ಕುರಿಗಾಹಿ, ಬೀಜ ಕಾಯ್ದಿಟ್ಟ ಅಜ್ಜಿ ಇವರಿಗೆ ಅತಿಥಿ ಉಪನ್ಯಾಸಕರಿಗೆ ಸಲ್ಲುವ ಸಂಭಾವನೆಯೇ ಸಲ್ಲಲಿ. ವಿದ್ಯಾರ್ಥಿ ಬರೆದ ವರದಿಯನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಲಿ. ಊರವರು ಸರಿಯೆಂದ ಮೇಲೆಯೇ ಅಂಕ ಬೀಳಲಿ.

ತುಮಕೂರು ವಿಶ್ವವಿದ್ಯಾನಿಲಯ 2004ರಲ್ಲಿ ಸ್ಥಾಪನೆಯಾಯಿತು. ಅದರ ಹೊಸ ಆವರಣವಿರುವ ಊರು ಬಿದರಕಟ್ಟೆ. ಊರಿನ ಹೆಸರಿನಲ್ಲೇ ಒಂದು ಕಟ್ಟೆಯಿದೆ. ಈ ಕೆಲಸವನ್ನು ಅಲ್ಲಿಂದಲೇ ಆರಂಭಿಸಬಹುದು.

ಓದುಗರೇ, ತಮ್ಮ ಊರಿನಲ್ಲೂ ಒಬ್ಬ ನೀರುಗಂಟಿ ಬದುಕಿರಬಹುದು. ಈ ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳನ್ನು ಕರೆದುಕೊಂಡು ಅವರ ಮನೆಗೆ ಹೋಗಿ. ಶಾಲು ಒಯ್ಯಬೇಡಿ, ಒಂದು ಪುಸ್ತಕ, ಒಂದು ಲೇಖನಿ ಒಯ್ಯಿರಿ. ಅವರು ಮಾತು ಮುಗಿಸುವವರೆಗೆ ಏಳಬೇಡಿ.