‘ಮಾಡಿಸುವ’ ಲೈಸೆನ್ಸು

ನಮ್ಮ ಭಾಷೆಯಲ್ಲಿ ‘ಇಸು’ ಎಂಬ ಪುಟ್ಟ ಪ್ರತ್ಯಯವೊಂದುಂಟು. ಮಾಡು ಎಂಬ ಧಾತುವಿಗೆ ಅದು ಹತ್ತಿದರೆ ಮಾಡಿಸು ಎಂದಾಗುತ್ತದೆ; ಕೆಲಸ ಇನ್ನೊಬ್ಬನದು, ಹೇಳುವ ಬಾಯಿ ಮಾತ್ರ ನಮ್ಮದು. ಅಕ್ಕಸಾಲಿಗನಿಂದ ಓಲೆ ಮಾಡಿಸುತ್ತೇವೆ, ಪುರೋಹಿತರಿಂದ ಪೂಜೆ ಮಾಡಿಸುತ್ತೇವೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಈಜು ಕಲಿತವನು ‘ಈಜು ಮಾಡಿಸಿಕೊಂಡೆ’ ಎನ್ನುವುದನ್ನು ಯಾರಾದರೂ ಕೇಳಿದ್ದೀರಾ? ವೀಣೆ ಕಲಿತವಳು ‘ವೀಣೆ ಮಾಡಿಸಿದೆ’ ಎಂದರೆ ಬಡಗಿಯ ಲೆಕ್ಕ ಕೇಳುತ್ತೇವೆ. ಕೈ, ಕಾಲು, ಕಣ್ಣು ಮೂರೂ ಪಳಗಬೇಕಾದ ವಿದ್ಯೆಗಳ ಪೈಕಿ ಒಂದಕ್ಕೆ ಮಾತ್ರ ನಾವು ಧಾರಾಳವಾಗಿ ಈ ಪ್ರತ್ಯಯವನ್ನು ಅಂಟಿಸಿಬಿಟ್ಟಿದ್ದೇವೆ. ‘ಲೈಸೆನ್ಸ್ ಮಾಡಿಸಿದೆಯಾ?’ ಎಂದು ತಂದೆ ಮಗನನ್ನು ಕೇಳುತ್ತಾನೆ. ‘ಇನ್ನೂ ಮಾಡಿಸಿಲ್ಲ, ಮುಂದಿನ ವಾರ ಮಾಡಿಸುತ್ತೇನೆ’ ಎಂದು ಮಗ ಉತ್ತರ ಕೊಡುತ್ತಾನೆ. ಇಬ್ಬರ ಬಾಯಲ್ಲಿಯೂ ‘ಕಲಿ’ ಎಂಬ ಧಾತು ಬರುವುದಿಲ್ಲ.

ರೇಷನ್ ಕಾರ್ಡು ಮಾಡಿಸುತ್ತೇವೆ, ಆಧಾರ್ ಮಾಡಿಸುತ್ತೇವೆ, ಇದೂ ಅಂಥದೇ ಒಂದು ಕಾಗದವಲ್ಲವೆ, ವ್ಯಾಕರಣದ ಮೇಷ್ಟ್ರಿಗೆ ಇದರಲ್ಲೇನು ಸಂಕಟ, ಎಂದು ಕೇಳುವವರುಂಟು. ನನ್ನ ಜಗಳ ಇರುವುದೇ ಅಲ್ಲಿ. ಆಧಾರ್ ಕಾರ್ಡು ನೀವು ಯಾರೆಂಬುದನ್ನು ಹೇಳುತ್ತದೆ. ಡ್ರೈವಿಂಗ್ ಲೈಸೆನ್ಸು ನಿಮಗೆ ಏನು ಬರುತ್ತದೆಂಬುದನ್ನು ಹೇಳಬೇಕು. ಒಂದು ಗುರುತು, ಇನ್ನೊಂದು ಸಾಕ್ಷಿ. ಸಾಕ್ಷಿಯನ್ನು ಮಾಡಿಸುವುದಕ್ಕೆ ನ್ಯಾಯಾಲಯದಲ್ಲಿ ಬೇರೆಯೇ ಹೆಸರಿದೆ.

ಕಳೆದ ಜೂನ್ ತಿಂಗಳಲ್ಲಿ ನನ್ನ ಬಿ.ಎ. ತರಗತಿಯ ಹುಡುಗನೊಬ್ಬ ಬೆಳಗಿನ ಪಾಠಕ್ಕೆ ರಜೆ ಕೇಳಲು ಬಂದ. ‘ಲೈಸೆನ್ಸ್ ಮಾಡಿಸಬೇಕು, ಸಾರ್.’ ಎಲ್.ಎಲ್.ಆರ್. ಅಲ್ಲ, ಪಕ್ಕಾ ಲೈಸೆನ್ಸು. ಮಧ್ಯಾಹ್ನದ ತರಗತಿಗೆ ಬಂದು ಕುಳಿತೂ ಇದ್ದ; ಕೆಲಸವಾಗಿತ್ತು. ‘ಕಾರು ಚೆನ್ನಾಗಿ ಬರುತ್ತದೇನಪ್ಪಾ?’ ಎಂದೆ. ‘ಇನ್ನು ಮೇಲೆ ಕಲೀಬೇಕು, ಸಾರ್’ ಎಂದ. ಅವನ ಮುಖದಲ್ಲಿ ಕುಚೋದ್ಯವಿರಲಿಲ್ಲ. ಕೇಳಿದ್ದಕ್ಕೆ ಪ್ರಾಮಾಣಿಕವಾಗಿ ಉತ್ತರ ಹೇಳಿದ್ದ, ಅಷ್ಟೆ.

ಕಾನೂನು ಹೀಗೆ ಹೇಳುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. 1988ರ ಮೋಟಾರು ವಾಹನ ಕಾಯ್ದೆಯನ್ನೂ 1989ರ ಕೇಂದ್ರ ನಿಯಮಗಳನ್ನೂ ಬಿಡುವಿನಲ್ಲಿ ಓದಿ ನೋಡಿದೆ. ಕಲಿಯುವವನ ಲೈಸೆನ್ಸು ಆರು ತಿಂಗಳಿಗೆ ಸಲ್ಲುತ್ತದೆ. ಅದು ಕೈಗೆ ಬಂದು 30 ದಿನವಾದರೂ ಕಳೆಯದೆ ಪರೀಕ್ಷೆಗೆ ನಿಲ್ಲಕೂಡದು. ಅಲ್ಲಿಯವರೆಗೆ ಲೈಸೆನ್ಸುಳ್ಳವರೊಬ್ಬರು, ಬೇಕಾದರೆ ಗಾಡಿಯನ್ನು ನಿಲ್ಲಿಸಬಲ್ಲಂತೆ, ಪಕ್ಕದಲ್ಲಿ ಕುಳಿತಿರಬೇಕು; ಗಾಡಿಯ ಹಿಂದೆಯೂ ಮುಂದೆಯೂ ಬಿಳಿಯ ಮೇಲೆ ಕೆಂಪು ‘ಎಲ್’ ಇರಬೇಕು. ಪರೀಕ್ಷೆ ಹೇಗೆ ನಡೆಯತಕ್ಕದ್ದೆಂಬುದು 15ನೆಯ ನಿಯಮದಲ್ಲಿದೆ. ಕನ್ನಡಿ ನೋಡುವುದು, ಸನ್ನೆ ತೋರಿಸುವುದು, ಇನ್ನೊಂದು ಗಾಡಿಯನ್ನು ದಾಟುವುದು, ದಾಟಲು ಬಿಡುವುದು, ಕೂಡುರಸ್ತೆಯಲ್ಲಿ ಎಚ್ಚರ, ಏರಿನಲ್ಲಿ ನಿಲ್ಲಿಸಿ ಹೊರಡಿಸುವುದು, ಹಿಂದಕ್ಕೆ ಬಿಡುವುದು, ತಟ್ಟನೆ ನಿಲ್ಲಿಸುವುದು: ಸಾಲು ಉದ್ದವಾಗಿದೆ. ಬರೆದವರು ರಸ್ತೆಯನ್ನು ಕಂಡವರು. ಆ ಪಟ್ಟಿಯ ಒಂದು ಪದವನ್ನೂ ನಾನು ತಿದ್ದುವುದಿಲ್ಲ.

ನಡೆಯುವುದೇನು? ನಲವತ್ತಾರನೆಯ ವಯಸ್ಸಿನಲ್ಲಿ, ವಯಸ್ಸಾದ ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ಯುವ ಅಗತ್ಯ ಬಿದ್ದು, ನಾನೂ ಕಾರು ಕಲಿಯಲು ಸೇರಿದೆ. ಶಾಲೆಯ ಹೆಸರು ಬೇಡ. ಬೇರೆ ಬೀದಿಯಲ್ಲಿ ಬೇರೆ ಹೆಸರಿನ ಫಲಕದ ಕೆಳಗೂ ಇದೇ ಕಥೆ. ಇಪ್ಪತ್ತು ದಿನ, ದಿನಕ್ಕೆ ಅರ್ಧ ಗಂಟೆ, ‘ಲೈಸೆನ್ಸ್ ಸಮೇತ’ ಎಂದು ಒಟ್ಟು ಲೆಕ್ಕ. ಶಾಲೆಯ ಕಾರಿನಲ್ಲಿ ಎರಡು ಬ್ರೇಕು, ಎರಡು ಕ್ಲಚ್ಚು. ಒಂದು ಜೋಡಿ ನನ್ನ ಕಾಲ ಕೆಳಗೆ, ಇನ್ನೊಂದು ಗುರುಗಳ ಕಾಲ ಕೆಳಗೆ. ರಕ್ಷಣೆಗೆ ಅದು ಬೇಕಾದ್ದೇ. ಆದರೆ ಗುರುಗಳಿಗೆ ಮೊಬೈಲಿನಲ್ಲಿ ಮಾತು ಮುಗಿಸುವ ಆತುರ. ಆದಕಾರಣ ಕಾರು ನಿಂತಾಗ ನಿಲ್ಲಿಸಿದವನು ನಾನೋ ಅವರೋ ಎಂಬುದು ಹತ್ತು ದಿನದವರೆಗೂ ನನಗೆ ಸ್ಪಷ್ಟವಾಗಲಿಲ್ಲ. ಕೊನೆಯ ವಾರ ಪರೀಕ್ಷೆಯ ತಯಾರಿ. ‘ಆ ಬೇವಿನ ಮರ ಎಡಗನ್ನಡಿಯಲ್ಲಿ ಕಂಡ ಕೂಡಲೇ ಸ್ಟಿಯರಿಂಗು ಪೂರ್ತಿ ತಿರುಗಿಸಿ. ಹಳದಿ ಕಂಬ ಬಾಗಿಲಿಗೆ ಬಂದಾಗ ನೇರ ಮಾಡಿ.’ ಅಂದರೆ ಪರೀಕ್ಷೆ ನಡೆಯುವ ಮೈದಾನದ ಮರವನ್ನೂ ಕಂಬವನ್ನೂ ಬಾಯಿಪಾಠ ಮಾಡಿಸುವುದು!

ಇಪ್ಪತ್ತು ವರ್ಷದಿಂದ ಉತ್ತರಪತ್ರಿಕೆ ತಿದ್ದುತ್ತಿರುವ ನನಗೆ ಈ ವಿದ್ಯೆಯ ಗುರುತು ಹತ್ತಲು ತಡವಾಗಲಿಲ್ಲ. ಇದು ನಮ್ಮ ಗೈಡು ಪುಸ್ತಕ. ಪಂಪನ ಮೇಲೆ ಎರಡು ಪುಟ ಉರುಹೊಡೆದ ಹುಡುಗ ಪ್ರಶ್ನೆ ರನ್ನನ ಮೇಲೆ ಬಂದಾಗ ಹೆಸರು ಬದಲಾಯಿಸಿ ಅದನ್ನೇ ಇಳಿಸುತ್ತಾನೆ. ನಾವು ಅಂಕ ಕಳೆಯುತ್ತೇವೆ. ರನ್ನನಿಗೆ ಅದರಿಂದ ಗಾಯವಾಗುವುದಿಲ್ಲ. ರಸ್ತೆಯಲ್ಲಿ ಬೇವಿನ ಮರ ಇರಬೇಕಾದ ಜಾಗದಲ್ಲಿ ಮುದುಕಿಯೊಬ್ಬಳು ಸೊಪ್ಪಿನ ಬುಟ್ಟಿಯೊಂದಿಗೆ ನಿಂತಿದ್ದರೆ?

ನನ್ನ ಪರೀಕ್ಷೆ ಮೂರು ನಿಮಿಷದಲ್ಲಿ ಮುಗಿಯಿತು. ಮುಂದೆ ಹೋದೆ, ತಿರುಗಿದೆ, ಹಿಂದೆ ಬಂದೆ. ಮೂರನೆಯ ಗೇರಿಗೆ ಜಾಗವೇ ಇರಲಿಲ್ಲ. ಕಾರ್ಡು ಅಂಚೆಯಲ್ಲಿ ಮನೆಗೆ ಬಂತು.

ಆ ಕಾರ್ಡನ್ನು ಮೇಜಿನ ಸೆಳೆಯಲ್ಲಿಟ್ಟು, ನಮ್ಮ ಬಡಾವಣೆಯಲ್ಲಿರುವ ನಿವೃತ್ತ ಬಸ್ ಚಾಲಕರೊಬ್ಬರಲ್ಲಿಗೆ ಹೋದೆ. ಮೂವತ್ತು ವರ್ಷ ಸರ್ಕಾರಿ ಬಸ್ಸು ನಡೆಸಿದವರು. ಎರಡು ತಿಂಗಳು, ಪ್ರತಿ ಭಾನುವಾರ, ಅವರು ಪಕ್ಕದಲ್ಲಿ ಕುಳಿತರು. ಕೈಕಾಲಿನ ವಿಚಾರ ಅವರು ಹೆಚ್ಚಾಗಿ ಎತ್ತಲೇ ಇಲ್ಲ. ಹೇಳಿದ್ದೆಲ್ಲ ಕಣ್ಣಿನ ವಿಚಾರ. ‘ನಿಂತ ಬಸ್ಸಿನ ಪಕ್ಕ ಹೋಗುವಾಗ ಅದರ ಚಕ್ರಗಳ ನಡುವೆ ಕಾಲು ಕಾಣಿಸುತ್ತದೆಯೇ ನೋಡಿ, ಸ್ವಾಮಿ, ಕಾಲು ಕಂಡರೆ ಮನುಷ್ಯ ಬರುತ್ತಾನೆ.’ ‘ಚೆಂಡು ಉರುಳಿ ಬಂದರೆ ಚೆಂಡನ್ನು ನೋಡಬೇಡಿ, ಬಂದ ದಿಕ್ಕು ನೋಡಿ.’ ‘ಮೊದಲ ಮಳೆಯಲ್ಲಿ ರಸ್ತೆ ಎಣ್ಣೆ ಸವರಿದ ಹಾಗೆ, ಆಗ ಬ್ರೇಕನ್ನು ನಂಬಬೇಡಿ, ದೂರವನ್ನು ನಂಬಿ.’ ‘ರಾತ್ರಿ ಎದುರಿನ ದೀಪ ಕಣ್ಣಿಗೆ ಹೊಡೆದರೆ ದೀಪ ದಿಟ್ಟಿಸಬಾರದು, ರಸ್ತೆಯ ಎಡ ಅಂಚು ಹಿಡಿದು ನಿಧಾನವಾಗಿ ಹೋಗಬೇಕು.’ ಇವುಗಳಲ್ಲಿ ಒಂದನ್ನಾದರೂ ನನಗೆ ಶಾಲೆ ಕಲಿಸಲಿಲ್ಲ, ಕಚೇರಿ ಕೇಳಲಿಲ್ಲ.

ಇದನ್ನೆಲ್ಲ ಪರೀಕ್ಷೆಯಲ್ಲಿ ಕೇಳುವುದಕ್ಕಾಗುತ್ತದೆಯೇ ಎಂದು ನಗಬೇಡಿ. ಇಂಗ್ಲೆಂಡಿನವರು 2002ರಿಂದ ಕೇಳುತ್ತಿದ್ದಾರೆ. ರಸ್ತೆಯ ಚಲಚ್ಚಿತ್ರದ ತುಣುಕುಗಳನ್ನು ತೋರಿಸಿ, ಅಪಾಯ ಮೊಳೆಯುತ್ತಿರುವುದನ್ನು ಅಭ್ಯರ್ಥಿ ಎಷ್ಟು ಬೇಗ ಗುರುತಿಸಿದನೆಂದು ಅಂಕ ಕೊಡುತ್ತಾರೆ. ಅವರ ರಸ್ತೆ ಬೇರೆ, ನಮ್ಮದು ಬೇರೆ ಎಂಬ ಮಾತು ಸಿದ್ಧವಾಗಿಯೇ ಇರುತ್ತದೆ. ನಿಜ. ನಮ್ಮ ರಸ್ತೆಯಲ್ಲಿ ದನ, ನಾಯಿ, ತಳ್ಳುಗಾಡಿ, ಎದುರುದಿಕ್ಕಿನಿಂದ ಬರುವ ಮಹಾಶಯ ಎಲ್ಲವೂ ಉಂಟು. ಹಾಗಾದರೆ ಕಣ್ಣಿನ ಪರೀಕ್ಷೆ ನಮಗೆ ಹೆಚ್ಚು ಬೇಕೋ, ಕಡಿಮೆ ಸಾಕೋ?

ಬೆಂಗಳೂರಿನ ಜ್ಞಾನಭಾರತಿ ಮೊದಲಾದ ಕಡೆ ಯಂತ್ರವೇ ಅಂಕ ಹಾಕುವ ಪಥಗಳು ಬಂದಿವೆ. ಎಂಟರ ಆಕಾರ, ಏರು, ಹಿಂದಕ್ಕೆ ತಂದು ನಿಲ್ಲಿಸುವುದು. ಗೆರೆ ಮುಟ್ಟಿದರೆ ಯಂತ್ರ ಕಂಡುಹಿಡಿಯುತ್ತದೆ. ಯಂತ್ರಕ್ಕೆ ಮಾವನ ಮನೆಯಿಲ್ಲ, ಶಿಫಾರಸು ಕೇಳಿಸುವುದಿಲ್ಲ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಯಂತ್ರ ಗೆರೆಯನ್ನು ಕಾಣುತ್ತದೆ. ಚಾಲಕ ಏನನ್ನು ಕಂಡ, ಏನನ್ನು ಕಾಣಲಿಲ್ಲ ಎಂಬುದು ಅದಕ್ಕೆ ತಿಳಿಯದು. 2021ರ ನಿಯಮದಂತೆ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಿ ಲಘು ವಾಹನಕ್ಕೆ 29 ಗಂಟೆಯ ಶಿಕ್ಷಣವಿರಬೇಕು. ಅಲ್ಲಿ ತೇರ್ಗಡೆಯಾದವರಿಗೆ ಕಚೇರಿಯ ಪರೀಕ್ಷೆ ಇಲ್ಲ. 29 ಗಂಟೆಯೆಲ್ಲಿ, ನಮ್ಮ ಬೀದಿಯ ಶಾಲೆಯ ಹತ್ತು ಗಂಟೆಯೆಲ್ಲಿ! ಆದರೆ ಕಲಿಸಿದವನೇ ತೇರ್ಗಡೆ ಮಾಡುವ ಏರ್ಪಾಡಿನ ಫಲವೇನೆಂಬುದನ್ನು ಕಾಲೇಜುಗಳಲ್ಲಿ ‘ಆಂತರಿಕ ಅಂಕ’ ಕೊಡುವ ನಮ್ಮನ್ನು ಕೇಳಿ. ಆ ವಿಷಯ ಇಲ್ಲಿ ಬೇಡ.

‘ಲೈಸೆನ್ಸು ಬಂದ ಮೇಲೆ ರಸ್ತೆಯೇ ಕಲಿಸುತ್ತದೆ’ ಎನ್ನುವುದು ಎಲ್ಲಕ್ಕಿಂತ ಜನಪ್ರಿಯವಾದ ವಾದ. ಕಲಿಸುತ್ತದೆ, ಸಂದೇಹವಿಲ್ಲ. ಮಗು ಅಕ್ಷರ ತಿದ್ದಲು ಸ್ಲೇಟು ಬೇಕು. ಈ ವಿದ್ಯಾಭ್ಯಾಸಕ್ಕೆ ಸ್ಲೇಟು ಯಾರು? ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ 460ಕ್ಕೂ ಹೆಚ್ಚು. ಅವರಲ್ಲಿ ನಡೆದು ಹೋಗುತ್ತಿದ್ದವರೇ 32 ಸಾವಿರಕ್ಕೆ ಮೇಲ್ಪಟ್ಟು. ಎಲ್ಲ ಸಾವನ್ನೂ ಪರೀಕ್ಷೆಯ ತಲೆಗೆ ಕಟ್ಟುವುದು ಅನ್ಯಾಯ. ಗುಂಡಿ ಬಿದ್ದ ರಸ್ತೆ, ದೀಪವಿಲ್ಲದ ತಿರುವು, ಕುಡಿತ ಎಲ್ಲಕ್ಕೂ ಪಾಲುಂಟು. ಆದರೆ ಹತ್ತರಲ್ಲಿ ಏಳು ಸಾವಿಗೆ ಅದೇ ವರದಿ ಅತಿವೇಗವನ್ನು ಕಾರಣವಾಗಿ ಹೇಳುತ್ತದೆ. ಮೂರನೆಯ ಗೇರು ಹಾಕದ ಪರೀಕ್ಷೆಯಲ್ಲಿ ವೇಗದ ಹತೋಟಿಯನ್ನು ಯಾರು ನೋಡಿದರು?

‘ದಾರಿ ಬಿಡು’ ಎಂಬ ಮಾತು ಕನ್ನಡದಲ್ಲಿ ಬಹಳ ಹಳೆಯದು. ಹಿರಿಯರಿಗೆ, ಬಸುರಿಗೆ, ಹೊರೆ ಹೊತ್ತವನಿಗೆ ದಾರಿ ಬಿಡುವುದು ಮರ್ಯಾದೆ. ನಿಯಮಪುಸ್ತಕದ ಮುಕ್ಕಾಲು ಪಾಲು ಈ ಎರಡು ಪದಗಳ ಭಾಷ್ಯ. ನಮ್ಮ ಪೇಟೆಯಲ್ಲಿ ಅದನ್ನು ಹಾರನ್ನು ಒತ್ತಿ ಇನ್ನೊಬ್ಬನಿಗೆ ಹೇಳುವ ಆಜ್ಞೆಯಾಗಿ ಮಾತ್ರ ಉಳಿಸಿಕೊಂಡಿದ್ದೇವೆ. ನಾನು ಬಿಡುತ್ತೇನೆ ಎಂಬ ಉತ್ತಮಪುರುಷದ ರೂಪ ಬಳಕೆ ತಪ್ಪಿಹೋಗಿದೆ.

ಕಳೆದ ತಿಂಗಳು ನಮ್ಮ ಬೀದಿಯ ಗೃಹಸ್ಥರೊಬ್ಬರು ಪರೀಕ್ಷೆಯಲ್ಲಿ ನಪಾಸಾದರು. ಬೀದಿಗೆ ಬೀದಿಯೇ ನಿರೀಕ್ಷಕರನ್ನು ಶಪಿಸಿತು. ಕೈ ಬಿಸಿ ಮಾಡಲಿಲ್ಲವೆಂದು ಸೇಡು ತೀರಿಸಿಕೊಂಡನೆಂಬ ತೀರ್ಪೂ ಆಯಿತು. ಕಾರಣ ಕೇಳಿದೆ. ಹಿಂದಕ್ಕೆ ಬಿಡುವಾಗ ಇವರು ಕನ್ನಡಿಯನ್ನೂ ನೋಡಲಿಲ್ಲ, ಕತ್ತನ್ನೂ ತಿರುಗಿಸಲಿಲ್ಲವಂತೆ. ಸಂಜೆ ಐದು ಗಂಟೆಗೆ ಇವರ ಗೇಟಿನ ಮುಂದೆಯೇ ಮಕ್ಕಳು ಇಟ್ಟಿಗೆ ನಿಲ್ಲಿಸಿಕೊಂಡು ಕ್ರಿಕೆಟ್ ಆಡುತ್ತವೆ. ಆ ನಿರೀಕ್ಷಕರು ಯಾರೋ ನನಗೆ ಗೊತ್ತಿಲ್ಲ. ಅವರಿಗೆ ಇಲ್ಲಿಂದಲೇ ನಮಸ್ಕಾರ. ನಪಾಸಾದವನು ಏಳು ದಿನ ಬಿಟ್ಟು ಮತ್ತೆ ಬರಬಹುದೆಂದು ಕಾಯ್ದೆಯೇ ಹೇಳುತ್ತದೆ. ಏಳು ದಿನದಲ್ಲಿ ಯಾರ ಸಂಸಾರವೂ ಮುಳುಗುವುದಿಲ್ಲ.

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ ಯಾವ ಶಾಲೆಯಲ್ಲಿ ನೂರಕ್ಕೆ ಎಷ್ಟು ಎಂದು ಪತ್ರಿಕೆಗಳು ಅಚ್ಚುಹಾಕುತ್ತವೆ; ಊರೆಲ್ಲ ಓದುತ್ತದೆ. ಸಾರಿಗೆ ಕಚೇರಿಗಳೂ ಪ್ರತಿ ತಿಂಗಳು ಹಾಗೆಯೇ ಪ್ರಕಟಿಸಲಿ: ಯಾವ ಡ್ರೈವಿಂಗ್ ಶಾಲೆಯಿಂದ ಎಷ್ಟು ಮಂದಿ ಬಂದರು, ಎಷ್ಟು ಮಂದಿ ನಪಾಸಾದರು, ಒಬ್ಬೊಬ್ಬರ ಪರೀಕ್ಷೆ ಎಷ್ಟು ನಿಮಿಷ ನಡೆಯಿತು. ಬಂದವರೆಲ್ಲ ಪಾಸಾದ ಕಚೇರಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಲಿ. ಆ ಊರಿನ ರಸ್ತೆ ದಾಟುವ ಮೊದಲು ನಾವು ಎರಡು ಸಲ ನೋಡಿಕೊಳ್ಳುತ್ತೇವೆ.