ಗುಂಡಿಗೆ ಹೊಣೆ ಯಾರು?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ತಂದೆಯವರು ತಮ್ಮ ಸರಕಿನ ಆಟೋವನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಮನೆಗೆ ಬಂದರು. ನೀರು ತುಂಬಿ ಕಾಣದಂತಿದ್ದ ಗುಂಡಿಯೊಳಕ್ಕೆ ಮುಂದಿನ ಚಕ್ರ ಇಳಿದು ಫೋರ್ಕು ಬಾಗಿತ್ತು. ರಿಪೇರಿಗೆ ಮೂರು ದಿನ; ಆ ಮೂರು ದಿನವೂ ಬಾಡಿಗೆಯಿಲ್ಲ. ನನ್ನ ಪರೀಕ್ಷಾ ಶುಲ್ಕಕ್ಕೆಂದು ಎತ್ತಿಟ್ಟಿದ್ದ ಹಣ ಗ್ಯಾರೇಜಿಗೆ ಹೋಯಿತು. “ಯಾರನ್ನು ಕೇಳುವುದು? ನಮ್ಮ ಗ್ರಹಚಾರ” ಎಂದರು ತಂದೆ. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ನಾನೇನೂ ಕಾನೂನು ಬಲ್ಲವನಲ್ಲ. ಆದರೂ ಈ ಪ್ರಶ್ನೆ ಹಳೆಯದೆಂದು ಓದಿ ತಿಳಿದೆ. ೧೭೮೮ರಲ್ಲಿ ಇಂಗ್ಲೆಂಡಿನ ಡೆವನ್ ಕೌಂಟಿಯಲ್ಲಿ, ದುರಸ್ತಿಯಿಲ್ಲದ ಸೇತುವೆಯಿಂದ ಬಂಡಿ ಕೆಟ್ಟವನೊಬ್ಬನು ಆ ಕೌಂಟಿಯ ನಿವಾಸಿಗಳ ಮೇಲೆ ದಾವೆ ಹೂಡಿ ಸೋತನು. ಪರಿಹಾರ ಕೊಡಲು ಸಾರ್ವಜನಿಕ ನಿಧಿಯಿಲ್ಲ, ಎಲ್ಲರಿಗೂ ತೊಂದರೆಯಾಗುವುದಕ್ಕಿಂತ ಒಬ್ಬನು ನಷ್ಟ ಸಹಿಸುವುದೇ ಮೇಲು ಎಂಬುದು ನ್ಯಾಯಾಧೀಶರ ತರ್ಕ. ರಸ್ತೆಯನ್ನು ದುರಸ್ತಿ ಮಾಡದೆ ಬಿಟ್ಟರೆ ಹೊಣೆಯಿಲ್ಲವೆಂಬ ಈ ನಿಯಮವನ್ನು ಅದೇ ದೇಶ ೧೯೬೧ರ ಶಾಸನದಿಂದ ತೆಗೆದುಹಾಕಿತು. ತಕ್ಕ ಎಚ್ಚರಿಕೆ ವಹಿಸಿದ್ದೆವೆಂದು ರುಜುವಾತುಪಡಿಸಿದರೆ ರಸ್ತೆಯ ಅಧಿಕಾರಿಗಳಿಗೆ ಬಿಡುಗಡೆಯುಂಟು; ಇಲ್ಲವಾದರೆ ಪರಿಹಾರ ಕೊಡಬೇಕು.

ನಮ್ಮಲ್ಲಿ ಹೇಗೆ? ಸುಸ್ಥಿತಿಯ ರಸ್ತೆ ಸಂವಿಧಾನದ ೨೧ನೆಯ ಅನುಚ್ಛೇದದ ಹಕ್ಕಿಗೆ ಸೇರಿದ್ದೆಂದೂ, ಗುಂಡಿಗಳಿಂದ ಹಾನಿಗೊಂಡವರು ಪರಿಹಾರ ಕೇಳಬಹುದೆಂದೂ ಕರ್ನಾಟಕದ ಹೈಕೋರ್ಟು ೨೦೧೯ರಲ್ಲಿ, ಬೆಂಗಳೂರಿನ ರಸ್ತೆಗಳ ಮೊಕದ್ದಮೆಯಲ್ಲಿ ಹೇಳಿತು. ಅದೇ ವರ್ಷ ಮೋಟಾರು ವಾಹನಗಳ ಕಾಯಿದೆಗೆ ಸೇರಿದ ೧೯೮-ಎ ಕಲಮು, ರಸ್ತೆಯ ನಿರ್ಮಾಣ ನಿರ್ವಹಣೆಗಳಲ್ಲಿ ತಪ್ಪಿದವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುತ್ತದೆ. ಆದರೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಮಾತ್ರ. ಬಾಗಿದ ಫೋರ್ಕಿಗೆ ಅಲ್ಲಿ ಸ್ಥಳವಿಲ್ಲ. ಸಿವಿಲ್ ದಾವೆ ಹೂಡಬಹುದು, ನಿಜ. ಮೂರು ದಿನದ ಸಂಪಾದನೆಗಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವರು ಯಾರು?

ಬೊಕ್ಕಸದ ಹಣವೂ ನಮ್ಮದೇ ಅಲ್ಲವೆ ಎಂದು ಕೆಲವು ಮಿತ್ರರು ಆಕ್ಷೇಪಿಸುವುದುಂಟು. ಇರಲಿ. ಗುಂಡಿ ಮುಚ್ಚದಿದ್ದರೂ ಇಲಾಖೆಗೆ ನಷ್ಟವಿಲ್ಲವೆಂದಾದರೆ ಅದನ್ನು ಮುಚ್ಚುವ ಅವಸರ ಯಾರಿಗೆ? ಆ ಖರ್ಚು ಉಳಿಯುವುದೂ ಇಲ್ಲ. ದುಡಿದು ತಿನ್ನುವವನ ಜೇಬಿಗೆ ವರ್ಗವಾಗುತ್ತದೆ, ಅಷ್ಟೆ. ವಾಹನದ ತೆರಿಗೆಯನ್ನು ತಪ್ಪದೆ ವಸೂಲು ಮಾಡುವ ಸರ್ಕಾರ, ರಸ್ತೆಯ ಹೊಣೆಯನ್ನೂ ತಪ್ಪದೆ ಹೊರಬೇಕು.

ನಾನು ಕೇಳುವುದು ದೊಡ್ಡದೇನಲ್ಲ. ಗುಂಡಿಯ ವಿಷಯ ತಿಳಿಸಿದ ಮೇಲೆ ಗೊತ್ತಾದ ದಿನಗಳೊಳಗೆ ಅದನ್ನು ಮುಚ್ಚಲಿ. ಮುಚ್ಚದೆ ಹಾನಿಯಾದರೆ, ಗ್ಯಾರೇಜಿನ ರಸೀತಿ ನೋಡಿ ತಾಲ್ಲೂಕು ಕಚೇರಿಯಲ್ಲೇ ಹಣ ಕೊಡುವ ಏರ್ಪಾಡಾಗಲಿ. ಆಗ ನಮ್ಮ ತಂದೆಯಂಥವರು ಗ್ರಹಚಾರವನ್ನು ದೂರುವ ಬದಲು ಅರ್ಜಿ ಬರೆಯುತ್ತಾರೆ.